ಒಂದೂವರೆ ಕೈ

ಪಾರ್ಶ್ವವಾಯು ಬಡಿದವರು ದಿನದ ಕೆಲಸಗಳನ್ನು ಎಷ್ಟರಮಟ್ಟಿಗೆ ತಾವೇ ಮಾಡಿಕೊಳ್ಳಬಲ್ಲರು ಎಂದು ಅಳೆಯಲು ಲೋಕದ ಆಸ್ಪತ್ರೆಗಳಲ್ಲಿ ಹೆಚ್ಚಾಗಿ ಬಳಕೆಯಲ್ಲಿರುವುದು ಬಾರ್ಥೆಲ್ ಸೂಚ್ಯಂಕ. ಅಮೆರಿಕದ ಮೇರಿಲ್ಯಾಂಡಿನ ವೈದ್ಯೆ ಫ್ಲಾರೆನ್ಸ್ ಮಹೋನಿ ಮತ್ತು ಫಿಸಿಯೊಥೆರಪಿಸ್ಟ್ ಡೊರೊಥಿಯಾ ಬಾರ್ಥೆಲ್ ಅದನ್ನು ಪ್ರಕಟಿಸಿದ್ದು 1965ರಲ್ಲಿ. ಉಣ್ಣುವುದು, ಜಳಕ, ಬಟ್ಟೆ ತೊಡುವುದು, ಮಂಚದಿಂದ ಕುರ್ಚಿಗೆ ಸರಿಯುವುದು ಎಂದು ಹತ್ತು ಬಾಬತ್ತುಗಳು, ಒಟ್ಟು 100 ಅಂಕ. ಅದರಲ್ಲಿ ಮೆಟ್ಟಿಲು ಹತ್ತಿಳಿಯಲು 10 ಅಂಕ. ನೆಲದ ಮೇಲೆ ಕೂತು ಏಳುವುದಕ್ಕೆ ಒಂದೂ ಇಲ್ಲ.

ಈ ಪಟ್ಟಿಯನ್ನು ಎಕಂಬಾಕ್ಕೆ ತಂದು ನೋಡಿ. ಬೀದರ್ ಜಿಲ್ಲೆಯ ಔರಾದ ತಾಲ್ಲೂಕಿನ, ಮಹಾರಾಷ್ಟ್ರದ ಗಡಿಗೆ ಹತ್ತಿರದ ಊರು. ಇಂಥ ಊರುಗಳಲ್ಲಿ ಬಾಳುವೆಯೆಲ್ಲ ನೆಲದ ಮೇಲೆಯೇ. ಚಕ್ಕಳಮಕ್ಕಳ ಹಾಕಿ ಉಣ್ಣಬೇಕು, ಕುಕ್ಕರಗಾಲಲ್ಲಿ ಕೂತು ಬಟ್ಟೆ ಒಗೆಯಬೇಕು, ಸಂಡಾಸಿನಲ್ಲೂ ಹಾಗೆಯೇ ಕೂರಬೇಕು. ಎಳ್ಳ ಅಮಾವಾಸ್ಯೆಗೆ ಹೊಲದಲ್ಲಿ ಭಜ್ಜಿ, ರೊಟ್ಟಿ, ಅಂಬಲಿ ಹಂಚಿಕೊಂಡು ಉಣ್ಣುವಾಗ ಯಾರೂ ಕುರ್ಚಿ ಹುಡುಕುವುದಿಲ್ಲ. ಮಹಡಿಯೇ ಇಲ್ಲದ ಮನೆಯ ಮುದುಕ ಮೆಟ್ಟಿಲಿನ 10 ಅಂಕ ಕಳೆದುಕೊಂಡರೆ ಅವನ ಬದುಕಿಗೆ ಅಷ್ಟೇನೂ ನಷ್ಟವಿಲ್ಲ. ಪಂಕ್ತಿಯಲ್ಲಿ ಕೂರಲು ಬಾರದೆ ಗೋಡೆಯ ಪಕ್ಕದ ಸ್ಟೂಲಿನ ಮೇಲೆ ಒಬ್ಬನೇ ಉಣ್ಣಬೇಕಾದಾಗ ಆಗುವ ನಷ್ಟ ದೊಡ್ಡದು, ಆದರೆ ಅದು ಯಾವ ಕಾಲಮ್ಮಿನಲ್ಲೂ ದಾಖಲಾಗುವುದಿಲ್ಲ.

ಈ ಅಧ್ಯಾಯದ ವಿಷಯ ಇರುವುದು ಈ ಅಂತರದಲ್ಲೇ. ಪಾರ್ಶ್ವವಾಯುವಿನ ನಂತರ ಕೈಕಾಲಿಗೆ ಬಲ ಬರಿಸುವುದು ಒಂದು ಕೆಲಸ. ಬಂದಷ್ಟು ಬಲದಲ್ಲಿ ತನ್ನ ಮನೆಯ, ತನ್ನ ನೆಲದ, ತನ್ನ ಇಷ್ಟದ ಕೆಲಸವನ್ನು ಹೇಗೆ ಸಾಗಿಸುವುದು ಎಂದು ರೋಗಿಯೇ ಬಗೆಹರಿಸಿಕೊಳ್ಳುವಂತೆ ಮಾಡುವುದು ಇನ್ನೊಂದು. ಎರಡನೆಯದು ಆಕ್ಯುಪೇಶನಲ್ ಥೆರಪಿಯ ಹೊಣೆ.

ಕಾಯಿಲೆಯ ಬಗ್ಗೆ ಎರಡು ಮಾತು. ಬೀದರ್ ಸೀಮೆಯಲ್ಲಿ ಲಕ್ವಾ ಎನ್ನುವ ಈ ಹೊಡೆತ ಮಿದುಳಿನ ರಕ್ತನಾಳ ಕಟ್ಟಿಕೊಂಡರೆ ಅಥವಾ ಒಡೆದರೆ ಆಗುವಂಥದ್ದು. ಕಟ್ಟಿಕೊಳ್ಳುವುದೇ ಹೆಚ್ಚು. ದೊಡ್ಡ ನಾಳವೊಂದು ಕಟ್ಟಿದಾಗ ನಿಮಿಷಕ್ಕೆ ಸುಮಾರು 19 ಲಕ್ಷ ನರಕೋಶಗಳು ಸಾಯುತ್ತವೆ ಎಂದು ಜೆಫ್ರಿ ಸೇವರ್ 2006ರಲ್ಲಿ ಲೆಕ್ಕ ಹಾಕಿದರು. ಹೆಪ್ಪು ಕರಗಿಸುವ ಇಂಜೆಕ್ಷನ್ನಿಗೆ ಸಾಮಾನ್ಯವಾಗಿ ನಾಲ್ಕೂವರೆ ತಾಸಿನ ಗಡುವು. ಮಿದುಳಿನ ಬಲಭಾಗ ಕೆಟ್ಟರೆ ಎಡಮೈ ಬೀಳುತ್ತದೆ, ಎಡಭಾಗ ಕೆಟ್ಟರೆ ಬಲಮೈ, ಎಷ್ಟೋ ಸಲ ಮಾತೂ ಹೋಗುತ್ತದೆ. ಆಮೇಲಿನ ಚೇತರಿಕೆ ಮೊದಲ ಕೆಲವು ತಿಂಗಳಲ್ಲಿ ವೇಗವಾಗಿ, ನಂತರ ನಿಧಾನವಾಗಿ ನಡೆಯುತ್ತದೆ. ಉಳಿದ ಮಿದುಳು ತನ್ನನ್ನು ಮರುಜೋಡಿಸಿಕೊಳ್ಳಬಲ್ಲದು, ಆದರೆ ಬಳಕೆ ಇದ್ದಲ್ಲಿ ಮಾತ್ರ. ರ್‍ಯಾಂಡಾಲ್ಫ್ ನುಡೊ 1996ರಲ್ಲಿ ಅಳಿಲುಕೋತಿಗಳಲ್ಲಿ ಇದನ್ನು ತೋರಿಸಿದರು. ಸಣ್ಣ ಗುಂಡಿಯಿಂದ ಆಹಾರದ ಕಾಳು ಹೆಕ್ಕುವ ತರಬೇತಿ ಸಿಕ್ಕ ಕೋತಿಗಳ ಮಿದುಳಿನಲ್ಲಿ ಕೈಗೆ ಮೀಸಲಾದ ಜಾಗ ಉಳಿದುಕೊಂಡಿತು. ತರಬೇತಿ ಸಿಗದವುಗಳಲ್ಲಿ ಗಾಯದ ಆಚೆಯ ಜಾಗವೂ ಕುಗ್ಗಿತ್ತು.

ಬಳಕೆ ಎಂದಕೂಡಲೇ ನಮ್ಮವರು ಕೈಗೊಂದು ರಬ್ಬರ್ ಚೆಂಡು ಕೊಟ್ಟು "ಒತ್ತುತಾ ಇರ್ರಿ" ಎನ್ನುತ್ತಾರೆ. ಈ ಚೆಂಡಿನ ಮೇಲೆ ನನಗೆ ತಕರಾರಿದೆ. ಪಾರ್ಶ್ವವಾಯು ಬಡಿದ ಬಹಳಷ್ಟು ಕೈಗಳಿಗೆ ಮುಷ್ಟಿ ಕಟ್ಟುವುದು ಮೊದಲೇ ಬಂದುಬಿಡುತ್ತದೆ, ಬಿಚ್ಚುವುದು ಬರುವುದಿಲ್ಲ. ಬಿಗಿಯುತ್ತಿರುವ ಕೈಗೆ ಇನ್ನಷ್ಟು ಬಿಗಿಯುವ ಪಾಠ ಯಾಕೆ? ಹಾಗೆಯೇ ಎಣ್ಣೆ ತಿಕ್ಕುವುದು, ಪಾರಿವಾಳದ ಮಾಂಸ ತಿನ್ನಿಸುವುದು. ತಿಕ್ಕುವುದರಿಂದ ಹಾಯೆನಿಸಬಹುದು, ಮಾಂಸದಿಂದ ಹೊಟ್ಟೆ ತುಂಬಬಹುದು, ಆದರೆ ಲೋಟ ಎತ್ತಲು ಕಲಿಯಬೇಕಾದ ಮಿದುಳು ಲೋಟ ಎತ್ತಿಯೇ ಕಲಿಯಬೇಕು.

ಕೆಲಸವೇ ಔಷಧ ಎಂಬ ಈ ವೃತ್ತಿಗೆ 1917ರಲ್ಲಿ ಅಮೆರಿಕದಲ್ಲಿ ಸಂಘಟನೆಯ ರೂಪ ಬಂತು. ಭಾರತಕ್ಕೆ ತಂದವರು ಕಮಲಾ ನಿಂಬಕರ್. ಅಮೆರಿಕದಲ್ಲಿ ಹುಟ್ಟಿ, ಮರಾಠಿ ಮನೆತನಕ್ಕೆ ಸೊಸೆಯಾಗಿ ಬಂದ ಅವರು 1950ರಲ್ಲಿ ಮುಂಬಯಿಯ ಕೆಇಎಂ ಆಸ್ಪತ್ರೆಯಲ್ಲಿ ದೇಶದ ಮೊದಲ ಆಕ್ಯುಪೇಶನಲ್ ಥೆರಪಿ ಶಾಲೆ ತೆರೆದರು. ಎರಡು ವರ್ಷಕ್ಕೆ ಅಖಿಲ ಭಾರತ ಸಂಘವೂ ಹುಟ್ಟಿತು. ಆಗ ಬೀದರ್ ಇನ್ನೂ ಹೈದರಾಬಾದ್ ರಾಜ್ಯದಲ್ಲಿತ್ತು.

ಈಗ ಎಕಂಬಾದಂಥ ಊರಿನ ಒಬ್ಬ ಅರವತ್ತು ದಾಟಿದ ಹೆಣ್ಣುಮಗಳನ್ನು ಊಹಿಸಿಕೊಳ್ಳೋಣ. ಹೆಸರು ಬೇಡ, ಆಯಿ ಎಂದರೆ ಸಾಕು. ಎಡಗೈ ಭುಜದಿಂದ ಸ್ವಲ್ಪ ಏಳುತ್ತದೆ. ಬೆರಳು ಮಡಚುತ್ತವೆ, ಬಿಚ್ಚುವುದಿಲ್ಲ. ಮಾತು ಸ್ವಚ್ಛವಾಗಿದೆ. ಆಸ್ಪತ್ರೆಯಿಂದ ಬಂದ ಮೇಲೆ ಮಗ ಜಳಕ ಮಾಡಿಸಲು ನೀರು ತೋಡುತ್ತಾನೆ, ಸೊಸೆ ತುತ್ತು ಮಾಡಿ ತಿನ್ನಿಸುತ್ತಾಳೆ. ಊರೆಲ್ಲ ಎಂಥ ಸೇವೆ ಎಂದು ಹೊಗಳುತ್ತದೆ. ಅಷ್ಟರಲ್ಲಿ ಥೆರಪಿಸ್ಟ್ ಬಂದಳು ಎನ್ನಿ.

"ಆಯಿ, ನಿಮಗ ಯಾವ ಕೆಲಸ ತಿರುಗಿ ಮಾಡ್ಬೇಕಂತ ಅನಸ್ತದ?"

"ರೊಟ್ಟಿ. ಸೊಸಿ ಬಡದಿದ್ದು ದಪ್ಪ ಇರ್ತಾವ."

ಇಲ್ಲಿಂದಲೇ ಚಿಕಿತ್ಸೆ ಶುರು. ಕೈಯನ್ನು ಎಷ್ಟು ಡಿಗ್ರಿ ಎತ್ತಬೇಕು ಎಂಬ ಗುರಿಯನ್ನು ಥೆರಪಿಸ್ಟ್ ಬರೆಯಬಹುದಿತ್ತು, ಆಯಿಗೆ ಅದರಲ್ಲಿ ಆಸಕ್ತಿಯಿಲ್ಲ. ಮೇರಿ ಲಾ ಮತ್ತು ಸಂಗಡಿಗರು 1991ರಲ್ಲಿ ಕೆನಡಾದಲ್ಲಿ ರೂಪಿಸಿದ ಮಾಪನವೊಂದರಲ್ಲಿ ಕೆಲಸವನ್ನು ರೋಗಿಯೇ ಆರಿಸುತ್ತಾರೆ, ಅದು ತನಗೆ ಎಷ್ಟು ಮುಖ್ಯ, ಈಗ ಎಷ್ಟು ಮಾಡಬಲ್ಲೆ, ಮಾಡಿದ್ದು ಎಷ್ಟು ಸಮಾಧಾನ ತಂದಿದೆ ಎಂದು ಒಂದರಿಂದ ಹತ್ತರವರೆಗೆ ತಾವೇ ಅಂಕ ಕೊಡುತ್ತಾರೆ. ಆಯಿ ಮುಖ್ಯಕ್ಕೆ ಹತ್ತು ಕೊಟ್ಟಳು, ಮಿಕ್ಕೆರಡಕ್ಕೂ ಒಂದೊಂದು.

ಜೋಳದ ರೊಟ್ಟಿ ಸುಲಭದ ಕೆಲಸವಲ್ಲ. ಜೋಳದಲ್ಲಿ ಗೋಧಿಯಂತೆ ಅಂಟು ಎಳೆಯಿಲ್ಲ, ಆದ್ದರಿಂದ ಬಿಸಿನೀರು ಹಾಕಿ ಪಿಷ್ಟವನ್ನು ಅರೆಬೇಯಿಸಿದರೇ ಹಿಟ್ಟು ಕೂಡಿಕೊಳ್ಳುವುದು. ಬಲಗೈ ಬಡಿಯುತ್ತದೆ, ಎಡಗೈ ಅಂಚಿಗೆ ತಡೆಯಾಗಿ ನಿಂತು ರೊಟ್ಟಿಯನ್ನು ತಿರುಗಿಸುತ್ತದೆ. ಬಡಿದದ್ದನ್ನು ಎರಡೂ ಅಂಗೈ ಮೇಲೆ ಎತ್ತಿ ಹಂಚಿಗೆ ಹಾಕಬೇಕು, ಕೂಡಲೇ ಮೇಲೆ ನೀರು ಸವರಬೇಕು. ಎರಡು ಕೈಗಳಿಗೆ ಬೇರೆ ಬೇರೆ ಕೆಲಸ, ಆದರೆ ಒಂದೇ ಲಯ. ಆಯಿ ಇದನ್ನು ಐವತ್ತು ವರ್ಷ ಮಾಡಿದ್ದಾಳೆ. ಅದಕ್ಕೇ ಹೇಗೆ ಮಾಡುತ್ತಿದ್ದೆ ಎಂದು ಅವಳಿಗೆ ಗೊತ್ತಿಲ್ಲ. ಕೈಗೆ ಗೊತ್ತಿತ್ತು, ಈಗ ಆ ಕೈಯೇ ಇಲ್ಲ. ಮೈಗತವಾದ ಕೆಲಸವನ್ನು ಮತ್ತೆ ಬಿಡಿಬಿಡಿಯಾಗಿಸಿ ಬುದ್ಧಿಯ ಮುಂದೆ ಹರವಬೇಕು.

"ಮಾಡಿ ತೋರಸ್ರಿ. ಎಲ್ಲಿ ಕೆಡ್ತದ ನೋಡಮು."

ಪರಾತದಲ್ಲಿ ಹಿಟ್ಟು ನಾದಲು ಹೋದರೆ ಪರಾತವೇ ಸರಿದಾಡುತ್ತದೆ. ಥೆರಪಿಸ್ಟಿಗೆ ಉತ್ತರ ಗೊತ್ತು, ಆದರೆ ಹೇಳುವುದಿಲ್ಲ. "ಓಡದಂಗ ಏನ್ ಮಾಡ್ಬಹುದು ಆಯಿ?" ಎನ್ನುತ್ತಾಳೆ. ಆಯಿ ಸುತ್ತ ನೋಡಿ ಒದ್ದೆ ಅರಿವೆ ಕೆಳಗೆ ಹಾಸುತ್ತಾಳೆ, ಪರಾತವನ್ನು ಗೋಡೆಗೆ ಒತ್ತುತ್ತಾಳೆ. ಇನ್ನೂ ಅಲುಗುತ್ತದೆ. ಆಗ ಬಲಗೈಯಿಂದ ಎಡಗೈ ಎತ್ತಿ ಅದರ ಮುಷ್ಟಿಯನ್ನು ಅಂಚಿನ ಮೇಲೆ ಭಾರವಾಗಿ ಇಡುತ್ತಾಳೆ. ಪರಾತ ನಿಲ್ಲುತ್ತದೆ. ಕೆಲಸಕ್ಕೆ ಬಾರದ ಕೈಗೆ ಅರ್ಧ ಕೆಲಸ ಸಿಕ್ಕಿತು.

ತಿರುಗಿಸುವುದು ಹೇಗೆ? ರೊಟ್ಟಿ ತಿರುಗದಿದ್ದರೆ ಮಣೆಯನ್ನು ತಿರುಗಿಸಿದರಾಯಿತು. ಅದು ಸಾಗುತ್ತದೆ. ಎತ್ತುವಾಗ ಮಾತ್ರ ರೊಟ್ಟಿ ನಡುವೆ ಹರಿಯುತ್ತದೆ. ಎರಡನೆಯದೂ ಹರಿದಾಗ ಆಯಿಗೆ ಸಿಟ್ಟು ಬರುತ್ತದೆ. ಥೆರಪಿಸ್ಟ್ ಕೇಳುವುದು ಒಂದೇ ಪ್ರಶ್ನೆ: ಎತ್ತದೇ ಹಂಚಿಗೆ ಹಾಕುವಂಥದ್ದು ಏನಾದರೂ ನಿಮ್ಮ ಅಡುಗೆಯಲ್ಲಿ ಇದೆಯೇ? ಆಯಿ ಸುಮ್ಮನಾಗಿ, ಆಮೇಲೆ, "ಥಾಲಿಪೀಠ!" ಎನ್ನುತ್ತಾಳೆ. ಒದ್ದೆ ಬಟ್ಟೆಯ ಮೇಲೆ ತಟ್ಟಿ, ಬಟ್ಟೆಯನ್ನೇ ಹಂಚಿನ ಮೇಲೆ ಮಗುಚಿ ಸುಲಿದು ತೆಗೆಯುವ ಗಡಿಸೀಮೆಯ ತಿಂಡಿ. ಬಟ್ಟೆ ಮಗುಚಲು ಒಂದು ಕೈ ಸಾಕು. ಈ ಉಪಾಯ ಕೆನಡಾದ ಪುಸ್ತಕದಲ್ಲಿ ಇರಲು ಸಾಧ್ಯವಿಲ್ಲ, ಬೆಂಗಳೂರಿನಿಂದ ಬಂದ ಹುಡುಗಿಗೂ ಹೊಳೆಯುವುದು ಕಷ್ಟ.

ಹಾಗೆ ಬಟ್ಟೆಯ ಮೇಲೆ ತಟ್ಟಿ ರೊಟ್ಟಿ ಆಯಿತು. ಆದರೆ ದಪ್ಪ. ಮಾಡುವುದಕ್ಕೆ ಆಯಿ ಆರು ಅಂಕ ಕೊಟ್ಟಳು, ಸಮಾಧಾನಕ್ಕೆ ಮೂರು. "ಇದು ರೊಟ್ಟಿ ಅಲ್ಲ, ಸೊಸಿ ಮಾಡಿದ್ದೇ ಚಲೋ ಇತ್ತು." ಹೀಗೆ ಗುರಿಯೇ ಬದಲಾಗುತ್ತದೆ. ಬಡಿಯುವುದು, ಬೇಯಿಸುವುದು ಆಯಿ. ಎತ್ತಿ ಹಂಚಿಗೆ ಹಾಕುವುದು ಸೊಸೆ. ಪಾಶ್ಚಾತ್ಯ ಪಠ್ಯಗಳು ಪೂರ್ಣ ಸ್ವಾವಲಂಬನೆಯನ್ನೇ ಮೇಲಿನ ಮೆಟ್ಟಿಲು ಎಂದು ಬಗೆದಿವೆ. ಕೂಡಿ ಬಾಳುವ ಮನೆಯಲ್ಲಿ, ಯಾವ ಪಾಲು ತನ್ನದು ಎಂದು ರೋಗಿ ತಾನೇ ನಿರ್ಧರಿಸುವುದು ಅದಕ್ಕಿಂತ ದೊಡ್ಡದು ಎಂದು ನನ್ನ ಎಣಿಕೆ. ಒಂದು ಎಚ್ಚರ ಮಾತ್ರ ಆಯಿಗೆ ಬಿಡದೆ ಥೆರಪಿಸ್ಟೇ ನೇರವಾಗಿ ಹೇಳಬೇಕಾದದ್ದು: ಎಡಗೈಗೆ ಸ್ಪರ್ಶ ಮಂದವಾಗಿದ್ದರೆ ಹಂಚಿನ ಬಿಸಿ ಗೊತ್ತಾಗುವುದಿಲ್ಲ, ಸುಟ್ಟ ಮೇಲೆ ಕಣ್ಣಿಗೆ ಕಾಣುತ್ತದೆ.

ಮೇಲಿನ ಕಥೆ ಕಲ್ಪಿತ, ಅದರ ಹಿಂದಿನ ವಿಧಾನ ಮಾತ್ರ ನಿಜ. ಹೆಲೆನ್ ಪೊಲಟಾಯ್ಕೊ ಮತ್ತು ಆ್ಯಂಜೆಲಾ ಮ್ಯಾಂಡಿಚ್ ಕೆನಡಾದಲ್ಲಿ ಇದನ್ನು ಮೊದಲು ರೂಪಿಸಿದ್ದು ಗುಂಡಿ ಹಾಕಲು, ಸೈಕಲ್ ತುಳಿಯಲು ತಡಬಡಾಯಿಸುವ ಮಕ್ಕಳಿಗಾಗಿ. ಹೆಸರು ಕೋ-ಆಪ್. ಅದರ ಬೆನ್ನೆಲುಬು ನಾಲ್ಕು ಹೆಜ್ಜೆ: ಗುರಿ, ಉಪಾಯ, ಮಾಡು, ನೋಡು. ಥೆರಪಿಸ್ಟಿಗೂ ಕಟ್ಟಳೆಗಳಿವೆ. ಹೇಳಬೇಡ, ಕೇಳು. ಒಂದು ಸಲಕ್ಕೆ ಒಂದೇ ಸಂಗತಿ. ಕೈಹಿಡಿದು ತಿದ್ದಬೇಡ, ದಾರಿ ಕಾಣಿಸು. ಎಡವಿದ ಜಾಗ ಅವರ ಕಣ್ಣಿಗೇ ಬೀಳುವಂತೆ ಮಾಡು. ನಾಲ್ಕು ಹೆಜ್ಜೆಯ ಮೂಲ ಡೊನಾಲ್ಡ್ ಮೈಕೆನ್‌ಬಾಮ್ ಎಂಬ ಮನಶ್ಶಾಸ್ತ್ರಜ್ಞರ 1970ರ ದಶಕದ ಕೆಲಸ. ಅವಸರದ ಮಕ್ಕಳಿಗೆ ತಮ್ಮೊಡನೆ ತಾವೇ ಮಾತಾಡಿಕೊಂಡು ಕೆಲಸ ಮಾಡುವುದನ್ನು ಅವರು ಕಲಿಸಿದ್ದರು. ಅವರಿಗೂ ಹಿಂದೆ ರಷ್ಯದ ವಿಗೋಟ್‌ಸ್ಕಿ ಮತ್ತು ಲೂರಿಯಾ ಇದ್ದಾರೆ. ಮಗು ಮೊದಲು ಗಟ್ಟಿಯಾಗಿ ತನಗೆ ತಾನೇ ಹೇಳಿಕೊಳ್ಳುವ ಮಾತು ಬರಬರುತ್ತಾ ಒಳಗಿಳಿದು ನಡವಳಿಕೆಯ ಹಿಡಿತವಾಗುತ್ತದೆ ಎಂಬುದು ಅವರ ವಿಚಾರ.

ನಮ್ಮ ಹಳ್ಳಿಯ ಮುದುಕರಿಗೆ ತಮ್ಮಷ್ಟಕ್ಕೆ ಮಾತಾಡಿಕೊಳ್ಳುವುದನ್ನು ಯಾರೂ ಕಲಿಸಬೇಕಿಲ್ಲ. ಅದಕ್ಕೊಂದು ಕ್ರಮ ಕೊಟ್ಟರೆ ಸಾಕು. ಹೊರಸಿನಿಂದ ಏಳಲು ಒದ್ದಾಡುವವರನ್ನು ಗಮನಿಸಿ: ಕಾಲು ಮುಂದೆ ಚಾಚಿರುತ್ತದೆ, ಬೆನ್ನು ಹಿಂದಕ್ಕೆ ಒರಗಿರುತ್ತದೆ. ಮೈಯ ಭಾರ ಪಾದದ ಮೇಲೆ ಬರುವತನಕ ಯಾರೂ ಏಳಲಾರರು. "ಕಾಲ್ ಹಿಂದ, ಮೈ ಮುಂದ, ಏಳು" ಎಂದು ಬಾಯಲ್ಲಿ ಹೇಳಿಕೊಂಡು ಎದ್ದರೆ ಹೊರಸು, ಕಟ್ಟೆ, ಬಸ್ಸಿನ ಸೀಟು ಎಲ್ಲಕ್ಕೂ ಅದೇ ಸೂತ್ರ. ಒಂದು ಕಡೆ ಕಲಿತದ್ದು ಇನ್ನೊಂದು ಕಡೆಗೆ ದಾಟುವುದೇ ಈ ವಿಧಾನದ ಮುಖ್ಯ ಪ್ರತಿಪಾದನೆ. ಸಾರಾ ಮೆಕ್‌ಈವನ್ ಮತ್ತು ಸಂಗಡಿಗರು 2015ರಲ್ಲಿ ಪ್ರಕಟಿಸಿದ ಚಿಕ್ಕ ಪ್ರಯೋಗದಲ್ಲಿ, ಪಾರ್ಶ್ವವಾಯುವಾಗಿ ಮೂರು ತಿಂಗಳೊಳಗಿದ್ದವರು ಇದನ್ನು ಕಲಿತಾಗ, ಯಾರೂ ಕಲಿಸದ ಕೆಲಸಗಳಲ್ಲೂ ಮುಂದೆ ಬಂದರು. ಪ್ರಯೋಗ ಚಿಕ್ಕದು, ಅದನ್ನು ಮರೆಯಬಾರದು. ಇನ್ನೊಂದು ಮಿತಿಯೂ ಇದೆ. ಮಾತನ್ನೇ ಊರುಗೋಲಾಗಿ ಹಿಡಿದ ವಿಧಾನ ಇದು, ಮಾತು ಕಳೆದುಕೊಂಡವರಿಗೆ ನೇರವಾಗಿ ದಕ್ಕುವುದಿಲ್ಲ.

ಆಯಿಯ ಎಡ ಮುಷ್ಟಿಗೆ ಮರಳೋಣ. ಬಲಗೈಯೊಂದರಿಂದಲೇ ಎಲ್ಲ ಸಾಗಿಸುವ ಉಪಾಯಗಳು ಸಿಕ್ಕಷ್ಟೂ ಎಡಗೈ ಸೋಮಾರಿಯಾಗುತ್ತದೆ. ಎಡ್ವರ್ಡ್ ಟೌಬ್ ಕೋತಿಗಳಲ್ಲಿ ಇದನ್ನು ಕಂಡು ಕಲಿತ ನಿರುಪಯೋಗ ಎಂದರು. ಮೊದಲ ದಿನಗಳಲ್ಲಿ ಕೈ ಎತ್ತಲು ಹೋಗಿ ಸೋತು ಸೋತು, ಆಮೇಲೆ ಶಕ್ತಿ ಬಂದರೂ ಪ್ರಯತ್ನವೇ ನಿಂತುಹೋಗುತ್ತದೆ. ಮದ್ದು ವಿಚಿತ್ರ: ಒಳ್ಳೆಯ ಕೈಗೆ ಗವುಸು ತೊಡಿಸಿ ಕಟ್ಟಿಹಾಕಿ, ದುರ್ಬಲ ಕೈಗೆ ಕೆಲಸ ಕೊಡಿ. 222 ಜನರ ಮೇಲೆ ನಡೆದು 2006ರಲ್ಲಿ ಪ್ರಕಟವಾದ ಎಕ್ಸೈಟ್ ಪ್ರಯೋಗದಲ್ಲಿ ಎರಡು ವಾರ, ಎಚ್ಚರವಿರುವ ಹೊತ್ತಿನ ಶೇ 90ರಷ್ಟು ಕಾಲ ಹೀಗೆ ಕಟ್ಟುವುದು ಗುರಿಯಾಗಿತ್ತು. ಫಲ ಒಂದು ವರ್ಷದವರೆಗೂ ಉಳಿಯಿತು. ಆದರೆ ಮಣಿಕಟ್ಟು, ಬೆರಳು ಸ್ವಲ್ಪವಾದರೂ ಬಿಚ್ಚುವವರಿಗೆ ಮಾತ್ರ ಅದರಲ್ಲಿ ಪ್ರವೇಶವಿತ್ತು. ಆಯಿಯಂಥವರು ಹೊರಗೆ. ಅವರಿಗೆ ಉಳಿದ ದಾರಿ ನಡುವಿನದು: ಪರಾತದ ಮೇಲೆ ಭಾರವಾಗು, ತಟ್ಟೆಯ ಅಂಚಿಗೆ ತಡೆಯಾಗು, ಚೀಲವನ್ನು ಮೊಣಕೈಯಲ್ಲಿ ತೂಗು. ಎರಡು ಕೈಯೂ ಅಲ್ಲದ, ಒಂದೇ ಕೈಯೂ ಅಲ್ಲದ ಒಂದೂವರೆ ಕೈಯ ಸಂಸಾರ.

ಬಲಗೈ ಬಿದ್ದವರ ಕಷ್ಟ ಬೇರೆ. ನಮ್ಮಲ್ಲಿ ಬಲಗೈ ಉಣ್ಣುವ ಕೈ, ಎಡಗೈ ತೊಳೆಯುವ ಕೈ. ಲಂಡನ್ನಿನ ರೋಗಿ ಚಮಚವನ್ನು ಬಲದಿಂದ ಎಡಕ್ಕೆ ಬದಲಾಯಿಸಿದರೆ ಅದು ಕೌಶಲದ ಪ್ರಶ್ನೆ ಅಷ್ಟೆ. ಇಲ್ಲಿ ಎಡಗೈಯಲ್ಲಿ ತುತ್ತು ಎತ್ತಿದವನು ಮದುವೆ ಮನೆಯ ಪಂಕ್ತಿಗೆ ಹೋಗುವುದನ್ನೇ ಬಿಡುತ್ತಾನೆ. ಪಾರ್ಶ್ವವಾಯುವಾದವರಲ್ಲಿ ಮೂರರಲ್ಲಿ ಒಬ್ಬರಷ್ಟು ಜನ ಖಿನ್ನತೆಗೆ ಒಳಗಾಗುತ್ತಾರೆ. ಇಂಥ ಹಿಂಜರಿಕೆಗಳು ಅದಕ್ಕೆ ಇಂಬು ಕೊಡದೆ ಇರುತ್ತವೆಯೇ? ಇಲ್ಲಿ ಬೇಕಾದದ್ದು ನಾಚಿಕೆ ಬಿಡಿ ಎಂಬ ಉಪದೇಶವಲ್ಲ, ದಾರಿ. ಎಡಗೈಗೆ ಚಮಚ ಕೊಟ್ಟರೆ ಅದನ್ನು ಯಾರೂ ಅಷ್ಟಾಗಿ ಗಮನಿಸುವುದಿಲ್ಲ. ಹಿಡಿಗೆ ಬಟ್ಟೆ ಸುತ್ತಿ ದಪ್ಪ ಮಾಡಿದರೆ ಅರೆಬರೆ ಮುಷ್ಟಿಯ ಬಲಗೈಯೂ ಹಿಡಿಯಬಲ್ಲದು. ರೊಟ್ಟಿಯನ್ನು ಮನೆಯಲ್ಲೇ ಹಾಲಿನಲ್ಲೋ ಬೇಳೆಯಲ್ಲೋ ಮುರಿದು ನೆನೆಸಿದರೆ ಮುರಿಯುವ ಕಷ್ಟವೇ ಇಲ್ಲ. ಅಂಗಿ ತೊಡುವಾಗ ಬಿದ್ದ ಕೈ ಮೊದಲು, ಬಿಚ್ಚುವಾಗ ಅದೇ ಕೊನೆಗೆ. ಈ ಒಂದು ನಿಯಮ ಗೊತ್ತಿಲ್ಲದೆ ದಿನಾ ಬೆಳಿಗ್ಗೆ ಜಗಳವಾಡುವ ಮನೆಗಳಿವೆ.

ಇನ್ನು ಕೆಲವರಿಗೆ ಕೈ ಸರಿಯಿದ್ದೂ ಎಡಗಡೆಯ ಲೋಕವೇ ಗಮನಕ್ಕೆ ಬರುವುದಿಲ್ಲ. ತಟ್ಟೆಯ ಬಲಭಾಗ ಖಾಲಿ, ಎಡಭಾಗದ ಪಲ್ಯ ಹಾಗೇ ಇರುತ್ತದೆ. ಮನೆಯವರು ಹಟ ಎಂದು ಬೈಯುತ್ತಾರೆ. ಕಣ್ಣಿಗೆ ತೊಂದರೆಯಿಲ್ಲದಿದ್ದರೂ ಗಮನ ಆ ಕಡೆ ಹೊರಳುವುದಿಲ್ಲ, ಅಷ್ಟೆ. ನೀರಿನ ತಂಬಿಗೆಯನ್ನು ಎಡಕ್ಕಿಟ್ಟು, ಪ್ರತಿ ತುತ್ತಿನ ನಂತರ ತಂಬಿಗೆ ಕಾಣುವತನಕ ಕುತ್ತಿಗೆ ಹೊರಳಿಸುವ ರೂಢಿ ಹಾಕಿದರೆ ಉಪಯೋಗವಾಗುತ್ತದೆ.

ಇದನ್ನೆಲ್ಲ ಕಲಿಸುವವರು ಯಾರು? ಆಕ್ಯುಪೇಶನಲ್ ಥೆರಪಿ ಕೊಟ್ಟರೆ ದಿನದ ಕೆಲಸಗಳಲ್ಲಿ ಸುಧಾರಣೆ ಕಾಣುತ್ತದೆ ಎಂದು ಕಾಕ್ರೇನ್ ಸಮೀಕ್ಷೆ 2017ರಲ್ಲಿ, ಸುಮಾರು ಸಾವಿರ ರೋಗಿಗಳಿದ್ದ ಒಂಬತ್ತು ಪ್ರಯೋಗಗಳನ್ನು ಒಟ್ಟುಗೂಡಿಸಿ ಹೇಳಿತು. ಸಾಕ್ಷ್ಯದ ಗುಣಮಟ್ಟ ಕಡಿಮೆ ಎಂದೂ ಸೇರಿಸಿತು. ಥೆರಪಿಸ್ಟರು ವಿರಳವಾಗಿರುವ ದೇಶದಲ್ಲಿ ಮನೆಯವರಿಗೇ ಕಲಿಸಿಬಿಟ್ಟರೆ? ಈ ಪ್ರಶ್ನೆಯನ್ನು ಭಾರತವೇ ಪರೀಕ್ಷೆಗೆ ಒಡ್ಡಿತು. ಲೂಧಿಯಾನದ ಜಯರಾಜ್ ಪಾಂಡಿಯನ್ ಮತ್ತು ಆಸ್ಟ್ರೇಲಿಯದ ರಿಚರ್ಡ್ ಲಿಂಡ್ಲಿ ಮುಂತಾದವರ ಅಟೆಂಡ್ ಪ್ರಯೋಗದಲ್ಲಿ 14 ಆಸ್ಪತ್ರೆಗಳ 1,250 ರೋಗಿಗಳಿದ್ದರು. ಅರ್ಧದಷ್ಟು ಜನರ ಮನೆಯವರಿಗೆ ಆಸ್ಪತ್ರೆಯಲ್ಲೂ ಆಮೇಲೆ ಎರಡು ತಿಂಗಳವರೆಗೆ ಮನೆಯಲ್ಲೂ ತರಬೇತಿ ಸಿಕ್ಕಿತು. ಆರು ತಿಂಗಳ ನಂತರ ಎಣಿಸಿದಾಗ, ತೀರಿಕೊಂಡವರು ಮತ್ತು ಪರಾವಲಂಬಿಗಳು ಸೇರಿ ಎರಡೂ ಗುಂಪುಗಳಲ್ಲಿ ಶೇ 47. ವ್ಯತ್ಯಾಸವೇ ಇಲ್ಲ.

2017ರಲ್ಲಿ ಲ್ಯಾನ್ಸೆಟ್‌ನಲ್ಲಿ ಬಂದ ಈ ಫಲಿತಾಂಶ ಹಲವರ ಆಸೆಗೆ ತಣ್ಣೀರು ಎರಚಿತು. ಅದನ್ನು ತಳ್ಳಿಹಾಕಲು ನನಗೆ ಮನಸ್ಸಿಲ್ಲ. ಅಷ್ಟು ದೊಡ್ಡ, ಅಷ್ಟು ಶಿಸ್ತಿನ ಪ್ರಯೋಗಗಳು ನಮ್ಮಲ್ಲಿ ಅಪರೂಪ. ಆದರೂ ಎರಡು ಮಾತು. ಅಲ್ಲಿ ಅಳೆದದ್ದು ಸಾವು ಮತ್ತು ಅವಲಂಬನೆಯನ್ನು. ಆಯಿ ರೊಟ್ಟಿ ಬಡಿದರೂ ಬಡಿಯದಿದ್ದರೂ ಆ ಒರಟು ಮಾಪಕದ ಮುಳ್ಳು ಅಲುಗದೇ ಇರಬಹುದು. ಎರಡನೆಯದಾಗಿ, ಥೆರಪಿಸ್ಟಳ ಕೈಚಳಕ ಇರುವುದು ತಡೆದುಕೊಳ್ಳುವುದರಲ್ಲಿ. ಉತ್ತರ ಗೊತ್ತಿದ್ದೂ ಬಾಯಿ ಮುಚ್ಚಿಕೊಂಡು, ಅತ್ತೆ ಹತ್ತು ನಿಮಿಷ ಪರದಾಡುವುದನ್ನು ನೋಡುತ್ತಾ ಕೂರುವುದು ಸೊಸೆಗೆ ಸಾಧ್ಯವೇ? ಪಕ್ಕದ ಮನೆಯವರು ಏನೆಂದಾರು?

ಹಾಗಾಗಿ ಮನೆಯವರ ಹೊರಗಿನ, ಆದರೆ ಊರಿನೊಳಗಿನ ಒಬ್ಬರು ಬೇಕು. ಕರ್ನಾಟಕದಲ್ಲಿ ಅಂಥ ಹುದ್ದೆ ಇದೆ. ಗ್ರಾಮ ಪಂಚಾಯಿತಿ ಮಟ್ಟದಲ್ಲಿ ಗ್ರಾಮೀಣ ಪುನರ್ವಸತಿ ಕಾರ್ಯಕರ್ತರು, ತಾಲ್ಲೂಕಿಗೆ ವಿವಿಧೋದ್ದೇಶ ಪುನರ್ವಸತಿ ಕಾರ್ಯಕರ್ತರು. ಅವರಲ್ಲಿ ಬಹುತೇಕರು ಸ್ವತಃ ಅಂಗವಿಕಲರು, ಅಂದರೆ ಇಂಥ ಉಪಾಯಗಳನ್ನು ತಮ್ಮ ಮೈಮೇಲೆ ಮಾಡಿ ನೋಡಿದವರು. ಈಗ ಅವರ ಹೊತ್ತೆಲ್ಲ ಪಿಂಚಣಿ, ಅಂಗವಿಕಲರ ಯುಡಿಐಡಿ ಗುರುತಿನ ಕಾರ್ಡುಗಳ ಅರ್ಜಿಗೇ ಹೋಗುತ್ತದೆ. ಬೀದರಿನ ಬ್ರಿಮ್ಸ್‌ನಂಥ ಜಿಲ್ಲಾ ಬೋಧಕ ಆಸ್ಪತ್ರೆಯಲ್ಲಿ ಅವರಿಗೆ ಕೆಲವು ವಾರ ತರಬೇತಿ ಕೊಟ್ಟು, ಭುಜ ಎಳೆದು ರೋಗಿಯನ್ನು ಎಬ್ಬಿಸಬಾರದು ಎಂಬಲ್ಲಿಂದ ಹಿಡಿದು ಗುರಿ ಕೇಳುವುದರವರೆಗೆ ಕಲಿಸಿದರೆ, ಅಟೆಂಡ್ ಬಿಟ್ಟ ಜಾಗದಿಂದ ಇನ್ನೊಂದು ಪ್ರಯೋಗ ಶುರುಮಾಡಬಹುದು.

ಮೊದಲ ಕೆಲಸಕ್ಕೆ ಸಂಡಾಸನ್ನೇ ಆರಿಸಬಹುದು, ಏಕೆಂದರೆ ಬಹಳಷ್ಟು ಜನ ಬೀಳುವುದು ಅಲ್ಲಿಯೇ. ಇಕ್ಕಟ್ಟಿನ ಖೋಲಿ, ಒದ್ದೆ ನೆಲ, ಒಳಕ್ಕೆ ತೆರೆಯುವ ಬಾಗಿಲು. ರೋಗಿ ಒಳಗೆ ಬಿದ್ದರೆ ಬಾಗಿಲಿಗೇ ಅಡ್ಡವಾಗುತ್ತಾರೆ, ಆದ್ದರಿಂದ ಕೀಲು ಬದಲಿಸಿ ಹೊರಕ್ಕೆ ತೆರೆಯುವಂತೆ ಮಾಡಬೇಕು. ನಡುವೆ ತೂತಿರುವ ಪ್ಲಾಸ್ಟಿಕ್ ಕುರ್ಚಿಯನ್ನು ಪ್ಯಾನಿನ ಮೇಲೆ ಇಟ್ಟರೆ ಕುಕ್ಕರಗಾಲಿನ ಕಷ್ಟ ತಪ್ಪುತ್ತದೆ. ಗೋಡೆಗೊಂದು ಕಬ್ಬಿಣದ ಪೈಪು ಹಾಕಿಸುವಾಗ ಮೇಸ್ತ್ರಿ ಯಾವ ಗೋಡೆಗೆ ಎಂದು ಕೇಳುತ್ತಾನೆ. ಮನೆಯವರು ಸಾಮಾನ್ಯವಾಗಿ ಬಾಗಿಲಲ್ಲಿ ನಿಂತು, ಆಯಿಗೆ ಬಲಗೈ ಗಟ್ಟಿ ಎಂದು ಬಲಗಡೆಯ ಗೋಡೆ ತೋರಿಸುತ್ತಾರೆ. ಆಯಿ ಒಳಗೆ ಹೋಗಿ ಬಾಗಿಲ ಕಡೆ ಮುಖ ಮಾಡಿ ಕೂತಾಗ ಆ ಪೈಪು ಅವಳ ಎಡಕ್ಕಿರುತ್ತದೆ. ಸಿಮೆಂಟು ಕಲಸುವ ಮೊದಲು ಅವಳನ್ನೇ ಒಳಗೆ ಕೂರಿಸಿ, ಗೋಡೆಯನ್ನು ಮುಟ್ಟಿ ತೋರಿಸಲು ಹೇಳಬೇಕು.